ಆರ್ಯ–ಅನು ಜೋಡಿ: ಕಿರುತೆರೆಯ ಅಸಂಭವ ಪ್ರೇಮ, ವೀಕ್ಷಕರ ಊಹಾಪೋಹ

‘ಜೊತೆ ಜೊತೆಯಲಿ’ ಧಾರಾವಾಹಿಯು ಜೀ ಕನ್ನಡ ವಾಹಿನಿಯಲ್ಲಿ 2019ರ ಸೆಪ್ಟೆಂಬರ್ 9ರಂದು ಆರಂಭಗೊಂಡು 2023ರ ಮೇ ತಿಂಗಳಲ್ಲಿ ಮುಕ್ತಾಯ ಕಂಡಿತು. ನಿರ್ದೇಶಕರು ಆರೂರು ಜಗದೀಶ್. ನಲವತ್ತೈದರ ಪ್ರಾಯದ ಉದ್ಯಮಿ ಆರ್ಯವರ್ಧನ್ ಮತ್ತು ಇಪ್ಪತ್ತರ ಆಸುಪಾಸಿನ ಮಧ್ಯಮ ವರ್ಗದ ಯುವತಿ ಅನು ಸಿರಿಮನೆ ಇವರ ಪ್ರೇಮವೇ ಕಥಾವಸ್ತು. ಈ ಇಬ್ಬರು ಒಂದಾಗುವರೇ, ಒಂದಾದರೂ ಉಳಿಯುವರೇ ಎಂಬ ಪ್ರಶ್ನೆಯು ಮೂರೂವರೆ ವರ್ಷಕ್ಕೂ ಮಿಕ್ಕಿ ವೀಕ್ಷಕರನ್ನು ಕಾಡಿತು. ಕನ್ನಡ ಕಿರುತೆರೆಯಲ್ಲಿ ಇಷ್ಟೊಂದು ಊಹಾಪೋಹಕ್ಕೆ ಆಸ್ಪದ ಕೊಟ್ಟ ಜೋಡಿಗಳು ವಿರಳ.

ಆರ್ಯವರ್ಧನ್ ಪಾತ್ರವನ್ನು ವಹಿಸಿದವರು ಅನಿರುದ್ಧ ಜತಕರ್. ‘ಚಿತ್ರ’, ‘ತುಂಟಾಟ’ ಮುಂತಾದ ಚಲನಚಿತ್ರಗಳ ಮೂಲಕ 2000ದ ದಶಕದ ಆರಂಭದಲ್ಲಿ ಪರಿಚಿತರಾಗಿದ್ದ ಅವರು ದಿವಂಗತ ವಿಷ್ಣುವರ್ಧನ್ ಅವರ ಅಳಿಯ. ಪಾತ್ರಕ್ಕೂ ನಟನಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ನರೆಗೂದಲನ್ನು ಮರೆಮಾಚದ ನಾಯಕನನ್ನು ಕಿರುತೆರೆಯ ಪ್ರೇಕ್ಷಕರು ಅಪರೂಪಕ್ಕೆ ಕಂಡಿದ್ದರು. ಅನು ಪಾತ್ರದ ಮೇಘಾ ಶೆಟ್ಟಿ ಅವರಿಗೆ ಇದು ಮೊದಲ ಧಾರಾವಾಹಿ. ಆರಂಭದ ವಾರಗಳಲ್ಲಿಯೇ ಧಾರಾವಾಹಿಯು ಕನ್ನಡದ ರೇಟಿಂಗ್ ಪಟ್ಟಿಯ ಮುಂಚೂಣಿಗೆ ಬಂದಿತು.

ಈ ಜೋಡಿಯಲ್ಲಿ ಅಸಂಭವವೆನಿಸಿದ್ದು ಯಾವುದು? ವಯಸ್ಸಿನ ಅಂತರವೆಂಬುದು ಸುಲಭದ ಉತ್ತರ. ಆದರೆ ಗಂಡಹೆಂಡಿರ ನಡುವೆ ಹತ್ತು ಹದಿನೈದು ವರ್ಷಗಳ ಅಂತರವು ಎರಡು ತಲೆಮಾರಿನ ಹಿಂದೆ ಕನ್ನಡದ ಮನೆಗಳಿಗೆ ಹೊಸತೇನೂ ಆಗಿರಲಿಲ್ಲ; ಅಂಥ ಸಂಬಂಧಗಳನ್ನು ಹಿರಿಯರು ಗೊತ್ತುಮಾಡುತ್ತಿದ್ದರು ಅಷ್ಟೆ. ಇಲ್ಲಿಯಾದರೋ ಹುಡುಗಿಯು ತಾನಾಗಿ ಒಲಿಯುತ್ತಾಳೆ, ತಂದೆಯ ಪ್ರಾಯಕ್ಕೆ ಸಮೀಪದವನನ್ನು ತಂದೆಯ ಮುಂದೆಯೇ ವರನೆಂದು ಹೇಳಬೇಕಾಗುತ್ತದೆ. ಪ್ರೀತಿಯ ಮಗಳು, ಸಾಧು ಸ್ವಭಾವದ ಅಪ್ಪ ಸುಬ್ಬು, ಮಗಳಿಗೆ ಒಳ್ಳೆಯ ಸಂಬಂಧ ಬರಲೆಂದು ಹಂಬಲಿಸುವ ಅಮ್ಮ ಪುಷ್ಪಾ, ಈ ಮೂವರ ನಡುವಿನ ದೃಶ್ಯಗಳಲ್ಲಿದ್ದ ಸಂಕಟವು ಪ್ರೇಮದೃಶ್ಯಗಳಿಗಿಂತ ಒಂದು ತೂಕ ಹೆಚ್ಚೇ ಇತ್ತು. ‘ಒಪ್ಪುತ್ತಾರೋ ಇಲ್ಲವೋ’ ಎಂದು ಮನೆಮನೆಗಳಲ್ಲಿ ನಡೆದ ಚರ್ಚೆಯು ಬಹುಮಟ್ಟಿಗೆ ಸುಬ್ಬುವನ್ನು ಕುರಿತದ್ದೇ ಆಗಿತ್ತು.

ಈ ಊಹೆಗಳಿಗೆ ಒಂದು ವಿಚಿತ್ರ ಸ್ಥಿತಿಯಿತ್ತು. ‘ಜೊತೆ ಜೊತೆಯಲಿ’ ಸ್ವತಂತ್ರ ಕಥೆಯಲ್ಲ. ಜೀ ಮರಾಠಿಯಲ್ಲಿ 2018–19ರಲ್ಲಿ ಪ್ರಸಾರವಾದ ‘ತುಲಾ ಪಾಹತೆ ರೇ’ ಧಾರಾವಾಹಿಯ ರೂಪಾಂತರ. ಅಲ್ಲಿ ಸುಬೋಧ್ ಭಾವೆ ವಿಕ್ರಾಂತ್ ಸರಂಜಾಮೆಯಾಗಿ, ಗಾಯತ್ರಿ ದಾತಾರ್ ಇಶಾ ಆಗಿ ನಟಿಸಿದ್ದರು. ಆ ಕಥೆ ಮದುವೆಯೊಂದಿಗೆ ಮುಗಿಯುವುದಿಲ್ಲ. ಮದುವೆಯ ನಂತರ ವಿಕ್ರಾಂತನ ಮುಖವಾಡ ಕಳಚುತ್ತದೆ. ಅವನು ಮೊದಲ ಪತ್ನಿ ರಾಜನಂದಿನಿಯ ಸಾವಿಗೆ ಕಾರಣನಾದವನು, ಇಶಾ ಆಕೆಯದೇ ಪುನರ್ಜನ್ಮ. ಕನ್ನಡದ ಮೊದಲ ಸಂಚಿಕೆ ಬರುವ ಹೊತ್ತಿಗೆ ಮರಾಠಿಯಲ್ಲಿ ಇವೆಲ್ಲವೂ ನಡೆದುಹೋಗಿದ್ದವು. ಮರಾಠಿಯನ್ನೂ ಬಲ್ಲ ಬೆಳಗಾವಿ, ನಿಪ್ಪಾಣಿ ಸೀಮೆಯ ಮನೆಗಳಿಗೆ ಇದು ಗುಟ್ಟಾಗಿ ಉಳಿಯುವ ಸಂಗತಿಯಲ್ಲ. ಅಲ್ಲಿಂದ ಬೆಂಗಳೂರಿಗೆ ಸುದ್ದಿ ಬರಲು ಎಷ್ಟು ಹೊತ್ತು!

ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ. ಬೆಂಗಳೂರಿನ ಆರ್.ಟಿ. ನಗರಕ್ಕೆ ಅನತಿದೂರದ ಜೆ.ಸಿ. ನಗರದಲ್ಲಿರುವ ದೂರದರ್ಶನ ಕೇಂದ್ರವೇ ಕನ್ನಡ ಧಾರಾವಾಹಿಗಳ ಮೂಲಸ್ಥಾನವಾಗಿದ್ದ ದಿನಗಳವು. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಜೋಡಿಸಿದ ‘ಮಾಯಾಮೃಗ’ 1998ರಲ್ಲಿ ಪ್ರಸಾರವಾಗುತ್ತಿದ್ದಾಗ ನಾಳೆಯ ಕಥೆ ಬರೆಯುವವರಿಗಲ್ಲದೆ ಮತ್ತಾರಿಗೂ ತಿಳಿದಿರಲಿಲ್ಲ. ರೂಪಾಂತರಗಳ ಕಾಲದಲ್ಲಿ ಉತ್ತರ ಮೊದಲೇ ಸಿದ್ಧವಿರುತ್ತದೆ, ಅದು ಬೇರೊಂದು ಭಾಷೆಯಲ್ಲಿರುತ್ತದೆ.

ಹಾಗಾಗಿ ಆರ್ಯ–ಅನು ಅಭಿಮಾನಿಗಳ ಮಾತು ಬರಬರುತ್ತ ಊಹೆಯಾಗಿ ಉಳಿಯದೆ ಬೇಡಿಕೆಯಾಯಿತು. ‘ಮುಂದೇನಾಗುವುದು’ ಎಂದು ಕೇಳುವ ಬದಲು ‘ನಮ್ಮ ಆರ್ಯನನ್ನು ಖಳನನ್ನಾಗಿ ಮಾಡಬೇಡಿ’ ಎಂಬುದೇ ಅವರ ಅಹವಾಲು. ಈ ನಾಯಕನ ಸಜ್ಜನಿಕೆಯನ್ನು ನಂಬಿಯೇ ಅವರು ವಯಸ್ಸಿನ ಅಂತರವನ್ನು ಮನ್ನಿಸಿದ್ದರು. ಅವನು ವಂಚಕನೆಂದಾದರೆ, ಸುಬ್ಬುವಿನ ಆತಂಕವೇ ಸರಿಯಾಗಿತ್ತೆಂದು ಒಪ್ಪಬೇಕಾಗುತ್ತದೆ. ತಾವು ಅಪ್ಪನ ವಿರುದ್ಧ ಮಗಳ ಪಕ್ಷ ವಹಿಸಿದ್ದು ತಪ್ಪಾಗುತ್ತದೆ. ಧಾರಾವಾಹಿಯನ್ನು ಹಗುರವಾಗಿ ಕಾಣುವವರು ಈ ನೋವನ್ನು ಗ್ರಹಿಸಲಾರರು.

ಕಥೆಯಾದರೂ ಮರಾಠಿಯ ಜಾಡನ್ನು ಪೂರ್ತಿಯಾಗಿ ಬಿಡಲಿಲ್ಲ. ಆರ್ಯನಿಗೆ ಸುಭಾಷ್ ಪಾಟೀಲ್ ಎಂಬ ಪೂರ್ವಾಶ್ರಮದ ಹೆಸರಿದ್ದುದು ಹೊರಬಿತ್ತು, ರಾಜನಂದಿನಿಯಾಗಿ ಸೋನು ಗೌಡ ಬಂದರು, ಪುನರ್ಜನ್ಮದ ಎಳೆಯೂ ಬಂದಿತು. ಮೂಲ ಧಾರಾವಾಹಿ ಒಂದು ವರ್ಷದೊಳಗೆ ಮುಗಿಸಿದ್ದನ್ನು ಕನ್ನಡದಲ್ಲಿ ಹಿಗ್ಗಿಸಬೇಕಾದುದರಿಂದ ನಡುವೆ ಸೇರಿದ ಕವಲುಗಳು ಅನೇಕ. ಅವೆಲ್ಲವೂ ಗಟ್ಟಿಯಾಗಿದ್ದವೆಂದು ಹೇಳಲಾಗದು.

ಇದೇ ಅವಧಿಯಲ್ಲಿ ವಾಹಿನಿಯು ಅಸಂಭವ ಜೋಡಿಗಳ ಮೇಲೆ ಭರವಸೆಯಿರಿಸಿದುದು ಕಾಣುತ್ತದೆ. 2021ರಲ್ಲಿ ಬಂದ ‘ಹಿಟ್ಲರ್ ಕಲ್ಯಾಣ’ದಲ್ಲಿ ಎಡವಟ್ಟು ಹುಡುಗಿ ಲೀಲಾ, ಶಿಸ್ತಿನ ಎ.ಜೆ.ಯನ್ನು ಕೈಹಿಡಿದು ತನಗಿಂತ ಹಿರಿಯರಾದ ಮೂವರು ಸೊಸೆಯರಿಗೆ ಅತ್ತೆಯಾಗುತ್ತಾಳೆ; ಅದು ಹಿಂದಿಯ ರೂಪಾಂತರ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಶ್ರೀರಸ್ತು ಶುಭಮಸ್ತು’ ಮತ್ತೆ ಮರಾಠಿಯಿಂದ, ‘ಅಗ್ಗಂಬಾಯಿ ಸಾಸೂಬಾಯಿ’ಯಿಂದ ಬಂದದ್ದು. ಅಲ್ಲಿ ಸುಧಾರಾಣಿ ನಿರ್ವಹಿಸಿದ ತುಳಸಿ, ಮಗನಿಗೆ ಮದುವೆಯಾದ ಮೇಲೆ ತಾನು ಮರುಮದುವೆಯಾಗುವ ವಿಧವೆ. ಈ ಜೋಡಿಯ ವಯಸ್ಸಿಗೆ ಯಾರ ತಕರಾರೂ ಇರಲಿಲ್ಲ. ಆ ವಯಸ್ಸಿನಲ್ಲಿ ಮದುವೆಯೇಕೆ ಎಂಬುದೇ ತಕರಾರು. ಮೂರರ ಪೈಕಿ ನಿಜವಾದ ಧೈರ್ಯ ಈ ಕಥೆಯಲ್ಲಿದೆ.

ಆರ್ಯ–ಅನು ಜೋಡಿಗೆ ದೊಡ್ಡ ಪೆಟ್ಟು ಬಿದ್ದುದು ಕಥೆಯ ಹೊರಗಿನಿಂದ. 2022ರ ಆಗಸ್ಟ್‌ನಲ್ಲಿ ಧಾರಾವಾಹಿ ತಂಡ ಮತ್ತು ಅನಿರುದ್ಧ ಅವರ ನಡುವಿನ ಭಿನ್ನಾಭಿಪ್ರಾಯ ಬಹಿರಂಗಕ್ಕೆ ಬಂದು, ಅವರು ಧಾರಾವಾಹಿಯಿಂದ ಹೊರಗುಳಿದರು. ಯಾರದು ಸರಿ ಎಂಬ ಬಗ್ಗೆ ಎರಡೂ ಕಡೆಯವರು ತಮ್ಮ ತಮ್ಮ ಮಾತು ಹೇಳಿದರು. ಅಲ್ಲಿಂದಾಚೆಗೆ ಊಹೆಗಳ ವಿಷಯವೇ ಬದಲಾಯಿತು: ಹೊಸ ಆರ್ಯ ಯಾರು?

ಉತ್ತರವಾಗಿ ಬಂದವರು ಹರೀಶ್ ರಾಜ್. ಬರೀ ನಟನನ್ನು ಬದಲಿಸಿ ಕಥೆ ಮುಂದುವರಿಸುವ ರೂಢಿಯನ್ನು ಕೈಬಿಟ್ಟು, ಬರಹಗಾರರು ಅಪಘಾತವೊಂದನ್ನು ತಂದರು. ಆರ್ಯನಿಗೆ ಶಸ್ತ್ರಚಿಕಿತ್ಸೆಯಿಂದ ವಿಶ್ವಾಸ್ ದೇಸಾಯಿ ಎಂಬಾತನ ಮುಖ ಬರುತ್ತದೆ, ನೆನಪು ಅಳಿಯುತ್ತದೆ, ಸಂಜು ಎಂಬ ಹೆಸರು ಅಂಟಿಕೊಳ್ಳುತ್ತದೆ. ವಿಶ್ವಾಸನ ಪತ್ನಿ ಆರಾಧನಾ ಅವನನ್ನೇ ತನ್ನ ಗಂಡನೆಂದು ನಂಬುತ್ತಾಳೆ. ಗಂಡನನ್ನು ಕಳೆದುಕೊಂಡೆನೆಂದು ಅಳುವ ಅನುವಿನ ಎದುರಿಗೆ ಅದೇ ಗಂಡ ಅಪರಿಚಿತನಾಗಿ ನಿಲ್ಲುತ್ತಾನೆ. ಮೂಲದಲ್ಲಿ ಎಲ್ಲಿಯೂ ಇಲ್ಲದ ತಿರುವು ಇದು. ಮರಾಠಿ ನೋಡಿ ಮುಂದಿನದನ್ನು ಹೇಳಬಲ್ಲವರು ಇಲ್ಲಿ ಮೊದಲ ಬಾರಿಗೆ ಮೌನವಾದರು. ಅನು ಅವನನ್ನು ಯಾವಾಗ ಗುರುತಿಸುವಳು ಎಂಬುದನ್ನು ತಿಳಿಯಲು ಎಲ್ಲರೂ ಸಮಾನವಾಗಿ ಕಾಯಬೇಕಾಯಿತು.