ಹಸಿವಿಲ್ಲದಿದ್ರೂ ಬಾಯಾಡಿಸೋದು ಯಾಕೆ? ಟೆನ್ಷನ್ ಟೈಮಲ್ಲಿ ತಿನ್ನುವ ಅಭ್ಯಾಸದ ಬಗ್ಗೆ ತಿಳಿದಿರಬೇಕಾದ್ದು

ವ್ಯಾಪಾರ ಡಲ್ ಇದ್ದ ದಿನ ಅಂಗಡಿಯವರ ಖರ್ಚೂ ಕಡಿಮೆ ಆಗಬೇಕು, ತಿನ್ನೋದೂ ಕಡಿಮೆ ಆಗಬೇಕು. ಆಗೋದು ಉಲ್ಟಾ. ಗಿರಾಕಿ ಇಲ್ಲ, ಕೈ ಖಾಲಿ, ತಲೆ ತುಂಬಾ ಕಂತಿನ ಲೆಕ್ಕ. ಪಕ್ಕದ ಅಂಗಡಿಯವರು ಬೈಟು ಟೀ ಹೇಳ್ತಾರೆ. ಟೀ ಹಿಂದೆ ಒಂದು ಪ್ಲೇಟ್ ಮೆಣಸಿನಕಾಯಿ ಬಜ್ಜಿ ಬರುತ್ತೆ, ಬಜ್ಜಿ ಇದ್ಮೇಲೆ ಮಂಡಕ್ಕಿ ಬೇಕೇ ಬೇಕು. ರಾತ್ರಿ ಷಟರ್ ಎಳೆಯುವ ಹೊತ್ತಿಗೆ ಗಲ್ಲಾಪೆಟ್ಟಿಗೆ ಪಕ್ಕದ ಖಾರದ ಪೊಟ್ಟಣವೂ ಮುಗಿದಿರುತ್ತೆ. ಮನೆಗೆ ಹೋದ್ಮೇಲೆ ಊಟ ಬೇರೆ.

ಇದನ್ನ ಬಾಯಿ ಚಪಲ ಅಂತ ನಕ್ಕು ಬಿಡೋದು ರೂಢಿ. ಆದರೆ ಎಲ್ಲ ಸಲ ಅದು ಚಪಲ ಅಲ್ಲ. ಮನಸ್ಸಿಗೆ ಬೇಜಾರು, ಭಯ, ಒಂಟಿತನ ಇದ್ದಾಗ ಸಮಾಧಾನಕ್ಕೆ ಅಂತ ತಿನ್ನುವುದು ಒಂದು ಗುರುತಿಸಲಾದ ಅಭ್ಯಾಸ. ಅದಕ್ಕೆ ದೇಹದಲ್ಲೇ ಕಾರಣ ಇದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಶುಗರ್, ಬಿಪಿ ಬರುವ ಸಾಧ್ಯತೆಯೂ ಹೆಚ್ಚುತ್ತೆ.

ದೇಹದೊಳಗೆ ಏನಾಗುತ್ತೆ

ಒತ್ತಡದಲ್ಲಿ ಎರಡು ಬಗೆ. ದಿಢೀರ್ ಗಾಬರಿಯಾದಾಗ, ಅಂದ್ರೆ ಅಪಘಾತ ನೋಡಿದಾಗಲೋ, ಆಸ್ಪತ್ರೆಯಿಂದ ಫೋನ್ ಬಂದಾಗಲೋ, ಹಸಿವೇ ಸತ್ತು ಹೋಗುತ್ತೆ. ಆಗ ಕೆಲಸ ಮಾಡೋದು ಅಡ್ರಿನಲಿನ್. ಆದರೆ ಸಾಲದ ಚಿಂತೆ, ಮಗಳ ಮದುವೆ ಚಿಂತೆ, ಮಳೆ ಕೈಕೊಟ್ಟು ಉದ್ರಿ ವಸೂಲಾಗದ ಚಿಂತೆ ಒಂದು ದಿನದ್ದಲ್ಲ. ಇಂಥ ಎಳೆದಾಡುವ ಒತ್ತಡದಲ್ಲಿ ಕಿಡ್ನಿ ಮೇಲಿರುವ ಸಣ್ಣ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನ ಬಿಡುಗಡೆ ಮಾಡ್ತಾ ಇರುತ್ತವೆ. ಅದು ಹಸಿವು ಹೆಚ್ಚಿಸುತ್ತೆ. ಅದರಲ್ಲೂ ಸಿಹಿ, ಎಣ್ಣೆ ಪದಾರ್ಥದ ಕಡೆ ಮನಸ್ಸು ಎಳೆಯುತ್ತೆ. ಹೆಚ್ಚಾಗಿದ್ದು ಹೊಟ್ಟೆ ಸುತ್ತ ಕೊಬ್ಬಾಗಿ ಕೂರೋಕೂ ಇದೇ ದಾರಿ ಮಾಡುತ್ತೆ.

ಸಿಹಿ ತಿಂದ ತಕ್ಷಣ ಮಿದುಳಿಗೆ ಸ್ವಲ್ಪ ಹೊತ್ತು ಹಾಯ್ ಅನಿಸೋದು ನಿಜವೇ. ಅದು ಸುಳ್ಳು ಸಮಾಧಾನ ಅಲ್ಲ, ಆದರೆ ಗಿಡ್ಡ ಸಮಾಧಾನ. ನೋಟಿಸ್ ಮೇಜಿನ ಮೇಲೆ ಹಾಗೇ ಇರುತ್ತೆ. ಸ್ವಲ್ಪ ಹೊತ್ತಿಗೆ ಮತ್ತೆ ಕೈ ಡಬ್ಬಿಗೆ ಹೋಗುತ್ತೆ.

ನಿದ್ದೆಗೆಟ್ಟರೆ ಇನ್ನೂ ಕಷ್ಟ. ರಾತ್ರಿ ಒಂದು ಗಂಟೆವರೆಗೆ ಮೊಬೈಲ್ ನೋಡಿ ಐದಕ್ಕೇ ಎದ್ದರೆ ಹಸಿವು ಹುಟ್ಟಿಸುವ ಗ್ರೆಲಿನ್ ಜಾಸ್ತಿ ಆಗಿ, ಸಾಕು ಅನ್ನುವ ಲೆಪ್ಟಿನ್ ಕಡಿಮೆ ಆಗುತ್ತೆ. ಮಾರನೇ ದಿನವಿಡೀ ಏನೋ ಬೇಕು ಅನ್ನಿಸ್ತಾನೇ ಇರುತ್ತೆ.

ಎಲ್ಲರೂ ಒಂದೇ ಥರ ಇರಲ್ಲ ಅನ್ನೋದನ್ನೂ ಹೇಳಬೇಕು. ಚಿಂತೆ ಬಂದ್ರೆ ಊಟವನ್ನೇ ಬಿಡುವವರೂ ಇದ್ದಾರೆ. ಅದೂ ಲಕ್ಷಣವೇ, ಅದಕ್ಕೂ ಗಮನ ಬೇಕು.

ಹೊಟ್ಟೆ ಹಸಿವೋ, ಮನಸ್ಸಿನ ಹಸಿವೋ?

ಕಂಡುಹಿಡಿಯೋಕೆ ಸುಲಭ ದಾರಿ: ಈಗ ಯಾರಾದ್ರೂ ರೊಟ್ಟಿ ಪಲ್ಯನೋ ಮುದ್ದೆ ಸಾರೋ ತಂದಿಟ್ರೆ ತಿಂತೀರಾ? ಹೂಂ ಅಂದ್ರೆ ನಿಜವಾದ ಹಸಿವು, ಹೋಗಿ ಊಟ ಮಾಡಿ. "ಅದು ಬೇಡ, ಬಜ್ಜಿನೇ ಬೇಕು" ಅಂದ್ರೆ ಹಸಿದಿರೋದು ಬೇರೆ ಏನೋ. ಹೊಟ್ಟೆ ಹಸಿವು ನಿಧಾನಕ್ಕೆ ಬರುತ್ತೆ, ತುಂಬಿದ ಮೇಲೆ ನಿಲ್ಲುತ್ತೆ. ಇನ್ನೊಂದು ಒಮ್ಮೆಲೇ ಬರುತ್ತೆ, ಇಂಥದ್ದೇ ಬೇಕು ಅಂತ ಹಟ ಮಾಡುತ್ತೆ, ಹೊಟ್ಟೆ ಬಿರಿದರೂ ಸಾಕು ಅನ್ನಲ್ಲ. ಕೊನೆಗೆ "ಯಾಕಾದ್ರೂ ತಿಂದೆನೋ" ಅನ್ನೋ ಬೇಜಾರು ಉಳಿಯುತ್ತೆ.

ಅಂಗಡಿಯವರ ವಿಷಯದಲ್ಲಿ ಎರಡೂ ಕಲಸಿಕೊಂಡಿರುತ್ತವೆ. ಬೆಳಗ್ಗೆ ಒಂಬತ್ತಕ್ಕೆ ಎರಡು ಇಡ್ಲಿ ತಿಂದವರು ಮಧ್ಯಾಹ್ನದ ಊಟಕ್ಕೆ ಹೋಗೋದು ಮೂರೂವರೆಗೆ. ಸಂತೆ ದಿನ ಅದೂ ಇಲ್ಲ. ಸಂಜೆ ಐದಕ್ಕೆ ಬಜ್ಜಿ ಮುಂದೆ ಸೋಲೋದು ಮನಸ್ಸಿನ ದುರ್ಬಲತೆಯಿಂದಲ್ಲ, ಮಧ್ಯಾಹ್ನದ ಊಟ ತಪ್ಪಿದ್ದರಿಂದ. ಆದ್ದರಿಂದ ಮೊದಲು ಸರಿ ಮಾಡಬೇಕಾದ್ದು ಸಂಜೆಯ ತಿಂಡಿಯನ್ನಲ್ಲ, ಮಧ್ಯಾಹ್ನದ ಊಟದ ಹೊತ್ತನ್ನ. ಮನೆಯಿಂದ ಬುತ್ತಿ ತರಿಸಿಕೊಂಡು ಒಂದೂವರೆಯೊಳಗೆ ಕಾಳಿನ ಪಲ್ಯನೋ, ಮೊಟ್ಟೆನೋ, ಮೊಸರೋ ಇರುವ ಊಟ ಮುಗಿಸಿದರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತೆ.

ಟೀ ಲೆಕ್ಕ ಯಾರೂ ಇಡಲ್ಲ

ತಿಂದಿದ್ದನ್ನ ಎಣಿಸುವವರೂ ಕುಡಿದ ಟೀ ಎಣಿಸಲ್ಲ. ಒಂದು ಚಮಚ ಸಕ್ಕರೆ ಅಂದ್ರೆ ಸುಮಾರು 5 ಗ್ರಾಂ. ಒಂದು ಗ್ಲಾಸ್ ಟೀಗೆ ಎರಡು ಚಮಚ ಅಂದುಕೊಂಡರೂ ದಿನಕ್ಕೆ ಐದು ಟೀ ಕುಡಿಯುವವರ ಹೊಟ್ಟೆಗೆ 50 ಗ್ರಾಂ ಸಕ್ಕರೆ, ಅಂದ್ರೆ 200 ಕ್ಯಾಲರಿ, ಟೀಯಿಂದಲೇ ಸೇರುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಐಸಿಎಂಆರ್ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿ ಹೇಳೋದು ದಿನಕ್ಕೆ 25 ಗ್ರಾಂ ಒಳಗೆ. ಬಿಸ್ಕತ್ತು, ಬೆಣ್ಣೆ ಬನ್ನು, ದಿಲ್‌ಪಸಂದ್ ಲೆಕ್ಕ ಇನ್ನೂ ಶುರುನೇ ಆಗಿಲ್ಲ.

ಸಂಜೆ ಮೇಲಿನ ಟೀಯ ಕೆಫೀನ್ ರಕ್ತದಲ್ಲಿ ಅರ್ಧಕ್ಕಿಳಿಯೋಕೇ ಸುಮಾರು ಐದು ಗಂಟೆ ಹಿಡಿಯುತ್ತೆ. ಏಳು ಗಂಟೆ ಟೀ ಹನ್ನೆರಡರವರೆಗೂ ಕಾಡಬಹುದು. ನಿದ್ದೆ ಕೆಟ್ಟರೆ ಹಸಿವು, ಹಸಿವಾದ್ರೆ ಮತ್ತೆ ಟೀ. ಊಟದ ಜೊತೆಗೇ ಟೀ ಕುಡಿದ್ರೆ ಊಟದಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸರಿಯಾಗಿ ಸೇರಲ್ಲ, ಹಿಂದೆ ಮುಂದೆ ಒಂದು ಗಂಟೆ ಬಿಡಿ ಅಂತಲೂ ಅದೇ ಮಾರ್ಗಸೂಚಿ ಹೇಳುತ್ತೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಇದನ್ನ ಮುಖ್ಯವಾಗಿ ನೋಡಿಕೊಳ್ಳಬೇಕು.

ಟೀ ಬಿಡಿ ಅಂತ ಯಾರಿಗೂ ಹೇಳೋಕಾಗಲ್ಲ, ಹೇಳಿದ್ರೂ ಯಾರೂ ಕೇಳಲ್ಲ. ಒಂದು ಚಮಚ ಸಕ್ಕರೆ ಕಡಿಮೆ ಹಾಕಿಸಿ. ಹದಿನೈದು ದಿನ ಸಪ್ಪೆ ಅನಿಸುತ್ತೆ, ಆಮೇಲೆ ನಾಲಿಗೆ ಹೊಂದಿಕೊಳ್ಳುತ್ತೆ.

ಸಮಾಧಾನ ಕೊಟ್ಟಿದ್ದು ಬಜ್ಜಿನಾ, ಜನನಾ?

2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರ ನಿದ್ದೆ ಹೋಗಿತ್ತು. ಕೆಲವರು ಕ್ಯೂಆರ್ ಕೋಡ್ ತೆಗೆದು "ಕ್ಯಾಶ್ ಮಾತ್ರ" ಅಂತ ಬರೆದು ಅಂಟಿಸಿದ್ರು. ಇಂಥ ಟೈಮಲ್ಲಿ ನಾಲ್ಕು ಜನ ಟೀ ಅಂಗಡಿ ಮುಂದೆ ಸೇರಿ ಮಾತಾಡಿದ್ರೆ ಎದೆ ಹಗುರ ಆಗುತ್ತೆ. ಹಗುರ ಮಾಡಿದ್ದು ಮಾತು. ಹೆಸರು ಮಾತ್ರ ಬಜ್ಜಿಗೆ. ಸಾವಿನ ಮನೆಗೆ ಅಕ್ಕಪಕ್ಕದವರು ಅನ್ನ ಸಾರು ಒಯ್ದು ಕೂತು ಉಣ್ಣಿಸೋದೂ ಇದೇ ಲೆಕ್ಕ. ಅಲ್ಲಿ ರುಚಿ ಯಾರು ನೋಡ್ತಾರೆ? ಪಕ್ಕದಲ್ಲಿ ಜನ ಇದ್ದಾರೆ ಅನ್ನೋದೇ ಸಮಾಧಾನ.

ಹಾಗಾಗಿ ಜನರನ್ನ ಬಿಡಬೇಡಿ, ಪ್ಲೇಟ್ ಬದಲಿಸಿ. ಹುರಿದ ಶೇಂಗಾ ಒಂದು ಹಿಡಿ (ಸುಮಾರು 30 ಗ್ರಾಂ) ತಿಂದ್ರೆ 7 ಗ್ರಾಂನಷ್ಟು ಪ್ರೋಟೀನ್ ಸಿಗುತ್ತೆ, ಹೊಟ್ಟೆಯೂ ತಡೆಯುತ್ತೆ. ಆದರೆ ಒಂದೇ ಹಿಡಿ, ಅದರಲ್ಲೇ 160 ಕ್ಯಾಲರಿ ಇದೆ. ಪುಟಾಣಿ, ಬೇಯಿಸಿದ ಕಡಲೆ, ಸೌತೆಕಾಯಿ, ಪೇರಲ, ಮಜ್ಜಿಗೆ ಎಲ್ಲ ಪೇಟೆಯಲ್ಲೇ ಸಿಗುತ್ತವೆ. ಮಂಡಕ್ಕಿಗೆ ಎಣ್ಣೆ, ಖಾರಾಸೇವು ಕಮ್ಮಿ ಹಾಕಿಸಿ ಈರುಳ್ಳಿ, ಟೊಮ್ಯಾಟೊ ಜಾಸ್ತಿ ಹಾಕಿಸಬಹುದು. ಬಜ್ಜಿ ವಾರಕ್ಕೊಮ್ಮೆ ಇರಲಿ. ಮಳೆ ಹೊಯ್ಯುವಾಗ ಬಿಸಿ ಬಜ್ಜಿ ತಿಂದವರನ್ನ ಅಪರಾಧಿ ಥರ ನೋಡೋ ಅಗತ್ಯ ಇಲ್ಲ.

ಗಲ್ಲಾಪೆಟ್ಟಿಗೆ ಪಕ್ಕದ ಡಬ್ಬಿ ಕೈಗೆ ಸಿಗದ ಕಡೆ ಹೋಗಲಿ. ಬೇಕರಿ, ಕಿರಾಣಿ ನಡೆಸುವವರಿಗೆ ಇದು ಕಷ್ಟ, ಸುತ್ತ ಅದೇ ಇರುತ್ತೆ. ಅಂಥವರು ತಾವು ತಿಂದಿದ್ದನ್ನೂ ಉದ್ರಿ ಪುಸ್ತಕದಲ್ಲಿ ತಮ್ಮ ಹೆಸರಿಗೇ ಬರೆದುಕೊಂಡರೆ ಒಂದು ವಾರದಲ್ಲಿ ಲೆಕ್ಕ ಕಣ್ಣಿಗೆ ಹೊಡೆಯುತ್ತೆ. ತಿನ್ನಬೇಕು ಅನಿಸಿದಾಗ ಹತ್ತು ನಿಮಿಷ ತಡೆದು, ನೀರು ಕುಡಿದು, ಬೀದಿ ಕೊನೆವರೆಗೆ ನಡೆದು ಬನ್ನಿ. ವಾಪಸ್ ಬಂದಾಗಲೂ ಬೇಕು ಅನಿಸಿದ್ರೆ ಪೊಟ್ಟಣದಿಂದ ನೇರವಾಗಿ ತಿನ್ನದೆ ತಟ್ಟೆಗೆ ಸ್ವಲ್ಪ ಹಾಕಿಕೊಂಡು ಕೂತು ತಿನ್ನಿ.

ಬಜ್ಜಿ ಎಣ್ಣೆ ಬಗ್ಗೆಯೂ ಒಂದು ಮಾತು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಹಾಳು ಅಂಶ ಹೆಚ್ಚುತ್ತೆ. ಅದು ಶೇ 25 ದಾಟಿದ ಎಣ್ಣೆ ಬಳಸಬಾರದು ಅನ್ನೋ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈನಿಂದಲೇ ಇದೆ. ಕಪ್ಪಾಗಿ, ನೊರೆ ಬರುವ, ಅಂಟಂಟಾದ ಎಣ್ಣೆ ಕಂಡರೆ ಗಿರಾಕಿಯಾದವರು ಎದ್ದು ಬರಬಹುದು. ಮಾರುವವರಿಗೆ ಇದು ಕಾನೂನಿನ ಪ್ರಶ್ನೆಯೂ ಹೌದು.

ಮನೆಯಲ್ಲಿರುವವರ ಕಥೆ

ಗಂಡಸರ ಟೆನ್ಷನ್ ರಾತ್ರಿ ಒಂಬತ್ತಕ್ಕೆ ಮನೆಗೆ ಬರುತ್ತೆ. ಅಲ್ಲಿಂದ ಅದು ಹೆಂಗಸರದ್ದೂ ಹೌದು. ಮಕ್ಕಳು ಬಿಟ್ಟ ಅನ್ನ ಚೆಲ್ಲಬಾರದು ಅಂತ ತಿನ್ನೋದು, ಎಲ್ಲರ ಊಟ ಆದ್ಮೇಲೆ ಧಾರಾವಾಹಿ ಮುಂದೆ ಕೂತು ಬಾಯಾಡಿಸೋದು, ಸಂಘದ ಕಂತಿನ ದಿನ ಬೆಳಗ್ಗೆಯಿಂದ ಉಪವಾಸ ಇದ್ದು ಸಂಜೆ ಒಟ್ಟಿಗೇ ತಿನ್ನೋದು. ಇದನ್ನ ಯಾರೂ ಗಮನಿಸಲ್ಲ, ಮೈ ಬಂದಾಗ ಮಾತ್ರ ಆಡಿಕೊಳ್ತಾರೆ. ಆಡಿಕೊಂಡಷ್ಟೂ ಕದ್ದು ತಿನ್ನೋದು ಜಾಸ್ತಿ ಆಗುತ್ತೆ. "ದಪ್ಪ ಆಗಿದೀಯ" ಅನ್ನೋದಕ್ಕಿಂತ "ಯಾಕೆ, ಮನಸ್ಸಿಗೆ ಏನಾಗಿದೆ?" ಅಂತ ಕೇಳೋದು ಉಪಯೋಗಕ್ಕೆ ಬರುತ್ತೆ.

ಯಾವಾಗ ಆಸ್ಪತ್ರೆಗೆ ಹೋಗಬೇಕು

ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ರೆ ಎಚ್ಚರ ವಹಿಸಬೇಕು. ಟೈಲರ್ ಅಂಗಡಿ ಟೇಪ್ ಸಾಕು. 30 ವರ್ಷ ಮೇಲ್ಪಟ್ಟವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಖಾಲಿ ಹೊಟ್ಟೆಯ ಶುಗರ್ 100ರಿಂದ 125 ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಅಲ್ಲಿಂದ ವಾಪಸ್ ಬರೋಕೆ ದಾರಿ ಇದೆ. 126 ಅಥವಾ ಮೇಲೆ ಬಂದರೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳಬೇಕು.

ಈಗಾಗಲೇ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು "ನಿನ್ನೆ ಜಾಸ್ತಿ ತಿಂದೆ, ಇವತ್ತು ಉಪವಾಸ" ಅಂತ ಊಟ ಬಿಡಲೇಬಾರದು. ಶುಗರ್ ದಿಢೀರ್ ಇಳಿದು ಬೆವರು, ನಡುಕ ಬಂದು ಪ್ರಜ್ಞೆಯೇ ತಪ್ಪಬಹುದು.

ಹೊಟ್ಟೆ ನೋಯುವಷ್ಟು ತಿಂದು, ಕೈ ತಡೆಯೋಕಾಗದೆ, ಆಮೇಲೆ ನಾಚಿಕೆಯಿಂದ ಮುಚ್ಚಿಡೋದು ವಾರ ವಾರ ನಡೀತಿದ್ರೆ, ಅಥವಾ ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ ಅಂದ್ರೆ ಅದು ಡಯಟ್ ವಿಷಯ ಅಲ್ಲ. ಸಾಲದ ಕಾಟಕ್ಕೆ ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮಾನಸಿಕ ತಜ್ಞರು ಬರುವ 'ಮನೋಚೈತನ್ಯ' ಕಾರ್ಯಕ್ರಮವೂ ರಾಜ್ಯದಲ್ಲಿದೆ. ಯಾವ ಮಂಗಳವಾರ ಅನ್ನೋದನ್ನ ಹೋಗುವ ಮೊದಲು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರ ಹತ್ತಿರ ವಿಚಾರಿಸಿಕೊಳ್ಳಿ.