ಅಜ್ಜ ಎಲ್ಲಿ ಹುಟ್ಟಿದ?

ನಮ್ಮ ಓಣಿಯ ತುದಿಮನೆಯಲ್ಲಿ ಒಬ್ಬ ಗುಜರಾತಿ ತಾಯಿ ಇದ್ದಾರೆ. ಹುಬ್ಬಳ್ಳಿಯ ಅರಿವೆ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದು ಐವತ್ತು ವರ್ಷಗಳ ಮೇಲಾಯಿತು. ಓಣಿಯ ಹಿರಿಯರು ಕಿರಿಯರಿಗೆಲ್ಲ ಅವರು ‘ಬೆನ್’. ಅವರ ಕನ್ನಡ ನಮ್ಮ ಕಡೆಯ ಅಚ್ಚ ಹುಬ್ಬಳ್ಳಿ ಕನ್ನಡ. ಸಿಟ್ಟು ಬಂದಾಗ ಮಾತ್ರ ಗುಜರಾತಿ. ಹೋದ ವರ್ಷ ದೀಪಾವಳಿಗೆ ತಿಂಗಳಿರುವಾಗ ಒಂದು ಸಂಜೆ ಬಂದು, “ಮಾಸ್ತರ, ನಮ್ಮ ತಮ್ಮ ಬರಾಂವ ಇದ್ದಾನ. ಅಂವಂದು ವೀಸಾದ ಫಾರಂ ಒಂದಿಷ್ಟ ತುಂಬಿ ಕೊಡ್ರಿ. ಅಂವಗ ಕಣ್ಣು ನೆಟ್ಟಗ ಕಾಣಂಗಿಲ್ಲ” ಎಂದರು.

ತಮ್ಮ ಇರುವುದು ಇಂಗ್ಲೆಂಡಿನ ಲೆಸ್ಟರಿನಲ್ಲಿ. ಕನ್ನಡ ಮೇಷ್ಟರಿಗೆ ಬಿಡುವು ಹೆಚ್ಚೆಂದು ಊರಿನ ತಿಳಿವಳಿಕೆ. ಹೀಗಾಗಿ ಇಂಥ ಕೆಲಸಗಳು ನನ್ನ ಪಾಲಿಗೆ ಬರುವುದು ಹೊಸದಲ್ಲ. ಕಂಪ್ಯೂಟರಿನ ಮುಂದೆ ಕುಳಿತು, ಅವರು ಹೇಳಿದ್ದನ್ನು ತುಂಬುತ್ತ ಹೋದೆ. ಹುಟ್ಟಿದ ಊರು ಕಿಸುಮು, ಕೀನ್ಯಾ. ಹುಟ್ಟಿದ ವರ್ಷ 1949. ರಾಷ್ಟ್ರೀಯತೆ ಬ್ರಿಟಿಷ್. ಅಲ್ಲಿಗೆ ಒಂದು ಪ್ರಶ್ನೆ ಎದುರಾಯಿತು: ಈ ರಾಷ್ಟ್ರೀಯತೆ ಹುಟ್ಟಿನಿಂದ ಬಂದದ್ದೋ, ಅನಂತರ ಪಡೆದದ್ದೋ? ಬೆನ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕೊನೆಗೆ ಲೆಸ್ಟರಿಗೆ ಫೋನು ಹಚ್ಚಿದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮುದುಕರು ಹಿಂದಿಯಲ್ಲಿ ಹೇಳಿದರು: “ಹುಟ್ಟಿನಿಂದ. ಹುಟ್ಟಿನಿಂದಲೇ ಅಂತ ಬರೀರಿ, ಪ್ರೊಫೆಸರ್ ಸಾಹೇಬರೆ. ಅದನ್ನು ಒಪ್ಪಿಸುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಯಿತು.”

ಆ ಮಾತು ನನ್ನನ್ನು ಬಿಡಲಿಲ್ಲ. ಲಂಡನ್ನಿಗೆ ನಾಲ್ಕು ಸಾವಿರ ಮೈಲಿ ದೂರದ ಸರೋವರದ ದಂಡೆಯಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಬ್ರಿಟಿಷನಾದದ್ದು ಹೇಗೆ? ಆದವನಿಗೆ ಅದನ್ನು ಒಪ್ಪಿಸುವ ಕಷ್ಟವೇಕೆ ಬಂತು? ಹುಡುಕುತ್ತ ಹೋದಂತೆ ಕಂಡದ್ದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ರಹದಾರಿ ಚೀಟಿ ಎಂಬುದು ಹಳೆಯ ವಸ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯೇ ಉಂಟು. ಒಂದು ಮಾಷ ತೆತ್ತವನಿಗೆ ಅವನು ಮುದ್ರೆ ಕೊಡಬೇಕು. ಮುದ್ರೆಯಿಲ್ಲದೆ ಗಡಿ ದಾಟಿದ ನಾಡಿಗನಿಗೆ ಹನ್ನೆರಡು ಪಣ ದಂಡ. ಆದರೆ ಭಾವಚಿತ್ರ ಅಂಟಿಸಿದ ಪುಸ್ತಕವಿಲ್ಲದೆ ಕಾಲು ಕೀಳಬಾರದೆಂಬ ಈಗಿನ ಕಟ್ಟುಪಾಡು ಮೊದಲನೆಯ ಮಹಾಯುದ್ಧದ ಕೂಸು. ಯುದ್ಧ ಮುಗಿದ ಮೇಲೆ 1920ರಲ್ಲಿ ಪ್ಯಾರಿಸ್ಸಿನಲ್ಲಿ ಸಭೆ ಸೇರಿದ ರಾಷ್ಟ್ರಗಳು ಪುಸ್ತಕದ ಮಾದರಿಯನ್ನು ಗೊತ್ತುಮಾಡಿದವು. ಅದೇ ವರ್ಷ ನಮ್ಮಲ್ಲಿಯೂ ಭಾರತಕ್ಕೆ ಬರುವವರ ಪಾಸ್‌ಪೋರ್ಟಿನ ಕಾನೂನು ಬಂತು. ‘ವೀಸಾ’ ಎಂಬ ಮಾತಿಗೆ ಲ್ಯಾಟಿನ್ನಿನಲ್ಲಿ ‘ನೋಡಲಾಗಿದೆ’ ಎಂದಷ್ಟೇ ಅರ್ಥ. ಕಚೇರಿಯ ಗುಮಾಸ್ತ ಕಾಗದದ ಅಂಚಿನಲ್ಲಿ ಹಾಕುವ ರುಜುವಿನಂತೆ. ಪಾಸ್‌ಪೋರ್ಟು ಕೊಡುವವನು ನಿನ್ನ ದೇಶದವನು, ವೀಸಾ ಕೊಡುವವನು ಹೊರಗಿನವನು. ಸ್ವಂತ ಮನೆಗೆ ಹೋಗುವವನಿಗೆ ವೀಸಾ ಬೇಕಿಲ್ಲವೆಂಬುದು ಇಡೀ ಏರ್ಪಾಡಿನ ಅಡಿಗಲ್ಲು. ಈ ಅಡಿಗಲ್ಲೇ ಒಮ್ಮೆ ಕಿತ್ತುಬಂದದ್ದು ಪೂರ್ವ ಆಫ್ರಿಕದ ಭಾರತೀಯರ ವಿಷಯದಲ್ಲಿ.

ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಿಸುಮುವಿಗೆ ರೈಲುದಾರಿ ಹಾಕಲು ಬ್ರಿಟಿಷರು 1896ರಿಂದ 1901ರವರೆಗೆ ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರಾರಿನ ಮೇಲೆ ಒಯ್ದರು. ಸುಮಾರು 2,500 ಮಂದಿ ಅಲ್ಲಿಯೇ ಸತ್ತರು. ಸಾವೋ ನದಿಯ ಬಳಿ 1898ರಲ್ಲಿ ಎರಡು ಸಿಂಹಗಳು ಕೂಲಿಗಳನ್ನು ಡೇರೆಗಳಿಂದಲೇ ಎಳೆದೊಯ್ದ ಕಥೆ ಲೋಕಕ್ಕೆಲ್ಲ ಗೊತ್ತು. ಜ್ವರ ಭೇದಿಗಳು ಎಳೆದೊಯ್ದವರ ಸಂಖ್ಯೆ ಅದಕ್ಕಿಂತ ಎಷ್ಟೋ ಹೆಚ್ಚು, ಅವರ ಕಥೆಯನ್ನು ಯಾರೂ ಹೇಳುವುದಿಲ್ಲ. ಉಳಿದವರಲ್ಲಿ ಬಹುಪಾಲು ಊರಿಗೆ ಮರಳಿದರು. ಆದ್ದರಿಂದ ಅಲ್ಲಿಯ ಭಾರತೀಯರೆಲ್ಲ ರೈಲು ಕೂಲಿಗಳ ಸಂತಾನವೆಂಬುದು ತಪ್ಪು ಗ್ರಹಿಕೆ. ಹೆಚ್ಚಿನವರು ಹಳಿಯ ಹಿಂದೆ ಸ್ವಂತ ಖರ್ಚಿನಲ್ಲಿ ಹೋದ ಗುಜರಾತಿ ವ್ಯಾಪಾರಿಗಳು, ಪಂಜಾಬಿನ ಕುಶಲಕರ್ಮಿಗಳು, ಗೋವೆಯ ಗುಮಾಸ್ತರು. ಉಪ್ಪು, ಸಕ್ಕರೆ, ಅರಿವೆ ಮಾರುವ ಅವರ ಅಂಗಡಿಗೆ ಸ್ವಾಹಿಲಿಯಲ್ಲಿ ‘ದುಕಾ’ ಎನ್ನುತ್ತಾರೆ. ನಮ್ಮ ಕಡೆ ಅಂಗಡಿಗೆ ‘ದುಕಾನ’ ಎನ್ನುತ್ತೇವಲ್ಲ, ಅದೇ ಮೂಲದ ಮಾತು. ಬೆನ್ ಅವರ ತಂದೆ ಸೂರತ್ತಿನ ಕಡೆಯಿಂದ ಹೋಗಿ ಕಿಸುಮುವಿನಲ್ಲಿ ಅಂಥದೊಂದು ದುಕಾ ಇಟ್ಟವರು.

1948ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ರಾಷ್ಟ್ರೀಯತೆಯ ಕಾನೂನೊಂದನ್ನು ಮಾಡಿತು. ಅದರಂತೆ ಬ್ರಿಟನ್ನಿನಲ್ಲಿ ಹುಟ್ಟಿದವರಿಗೂ ವಸಾಹತುಗಳಲ್ಲಿ ಹುಟ್ಟಿದವರಿಗೂ ಪೌರತ್ವ ಒಂದೇ, ಹೆಸರೂ ಒಂದೇ: ಸಂಯುಕ್ತ ರಾಜ್ಯ ಮತ್ತು ವಸಾಹತುಗಳ ಪ್ರಜೆ. ಕಿಸುಮು ಆಗ ಕೀನ್ಯಾ ವಸಾಹತಿನ ಊರು. ಆದಕಾರಣ 1949ರಲ್ಲಿ ಅಲ್ಲಿ ಹುಟ್ಟಿದ ಕೂಸು ಹುಟ್ಟಿನಿಂದಲೇ ಬ್ರಿಟಿಷ್. ಮುದುಕರು ಹೇಳಿದ್ದರಲ್ಲಿ ಅಕ್ಷರವೂ ತಪ್ಪಿರಲಿಲ್ಲ.

1963ರ ಡಿಸೆಂಬರ್ 12ರಂದು ಕೀನ್ಯಾ ಸ್ವತಂತ್ರವಾಯಿತು. ಅಲ್ಲಿಯೇ ಹುಟ್ಟಿ, ತಂದೆ ಅಥವಾ ತಾಯಿಯೂ ಅಲ್ಲಿಯೇ ಹುಟ್ಟಿದ್ದರೆ ಕೀನ್ಯಾದ ಪೌರತ್ವ ತಾನಾಗಿ ಬಂತು. ಉಳಿದವರು ಎರಡು ವರ್ಷಗಳೊಳಗೆ ಅರ್ಜಿ ಹಾಕಿಕೊಳ್ಳಬೇಕು, ಬ್ರಿಟಿಷ್ ಪೌರತ್ವವನ್ನು ಬಿಡಬೇಕು. ಅರ್ಜಿ ಹಾಕಿದವರು ಕಡಿಮೆ. ಇದರಲ್ಲಿ ನಮ್ಮವರದೇನೂ ತಪ್ಪಿಲ್ಲವೆನ್ನಲು ನನ್ನ ಮನಸ್ಸು ಒಪ್ಪದು. ಎರಡು ತಲೆಮಾರು ಆ ನೆಲದ ಅನ್ನ ಉಂಡು, ಅಲ್ಲಿಯ ಜನರೊಡನೆ ಅಂಗಡಿಯ ಕಟ್ಟೆಯಾಚೆಗೆ ಬಳಕೆಯಿಟ್ಟುಕೊಳ್ಳದೆ, ಎರಡು ದೋಣಿಗಳಲ್ಲಿ ಕಾಲಿಟ್ಟುಕೊಂಡು ನೋಡೋಣವೆಂದವರು ಬಹಳ ಮಂದಿ. ಇತ್ತ ಹೊಸ ಸರ್ಕಾರಕ್ಕೆ ತನ್ನ ಜನಕ್ಕೆ ಕೆಲಸ ಕೊಡುವ ಆತುರ. 1967ರಲ್ಲಿ ಅದು ಎರಡು ಕಾನೂನುಗಳನ್ನು ತಂದಿತು. ಪೌರರಲ್ಲದವರು ಕೆಲಸ ಮಾಡಲು ಪರವಾನಿಗೆ ಬೇಕು. ಪೌರರಲ್ಲದ ವ್ಯಾಪಾರಿಗಳು ಗೊತ್ತುಪಡಿಸಿದ ಪ್ರದೇಶ ಬಿಟ್ಟು ಅಂಗಡಿ ಇಡಕೂಡದು. ದುಕಾಗಳ ಬಾಗಿಲು ಬೀಳತೊಡಗಿದವು. ಹೋಗುವುದಾದರೂ ಎಲ್ಲಿಗೆ? ಕೈಯಲ್ಲಿದ್ದ ಪುಸ್ತಕ ಎಲ್ಲಿಯದೋ ಅಲ್ಲಿಗೆ.

ಬ್ರಿಟನ್ನು 1962ರಲ್ಲಿಯೇ ಕಾಮನ್‌ವೆಲ್ತ್ ದೇಶಗಳವರ ಪ್ರವೇಶಕ್ಕೆ ತಡೆ ಹಾಕಿತ್ತು. ಆದರೆ ವಸಾಹತಿನ ಸರ್ಕಾರ ಕೊಟ್ಟ ಪಾಸ್‌ಪೋರ್ಟಿಗೆ ತಡೆಯಿತ್ತೇ ಹೊರತು ಲಂಡನ್ ಸರ್ಕಾರದ ಹೆಸರಿನಲ್ಲಿ ಕೊಟ್ಟದ್ದಕ್ಕೆ ಇರಲಿಲ್ಲ. ಕೀನ್ಯಾ ಸ್ವತಂತ್ರವಾದ ಮೇಲೆ ಅಲ್ಲಿ ಪಾಸ್‌ಪೋರ್ಟು ಕೊಡುತ್ತಿದ್ದದ್ದು ಬ್ರಿಟಿಷ್ ಹೈಕಮಿಷನರ ಕಚೇರಿ, ಅಂದರೆ ಲಂಡನ್ ಸರ್ಕಾರವೇ. ಹೀಗೆ ಸ್ವಾತಂತ್ರ್ಯದಿಂದಾಗಿ ಅವರ ಪುಸ್ತಕದ ಬೆಲೆ ಏರಿತ್ತು. ನೈರೋಬಿಯ ವಿಮಾನಗಳು ತುಂಬಿ ಹೊರಟವು. ಲಂಡನ್ನಿನಲ್ಲಿ ಗದ್ದಲವೆದ್ದಿತು. ಗದ್ದಲದ ಮುಂದಾಳುಗಳಲ್ಲಿ ಡಂಕನ್ ಸ್ಯಾಂಡಿಸ್ ಒಬ್ಬರು. ಕೀನ್ಯಾ ಸ್ವತಂತ್ರವಾದಾಗ ವಸಾಹತುಗಳ ಮಂತ್ರಿಯಾಗಿದ್ದವರು ಇವರೇ ಎಂಬುದನ್ನು ಮರೆಯಬಾರದು.

ಗೃಹಮಂತ್ರಿ ಜೇಮ್ಸ್ ಕ್ಯಾಲಹನ್ ತಂದ ಮಸೂದೆ 1968ರ ಫೆಬ್ರವರಿ 27ರಂದು ಚರ್ಚೆಗೆ ಬಂತು. ಮಾರ್ಚ್ 1ಕ್ಕೆ ಕಾನೂನಾಯಿತು. ನಮ್ಮ ಕಾಲೇಜಿನಲ್ಲಿ ಒಂದು ಬೆಂಚು ರಿಪೇರಿಗೆ ಮಂಜೂರಿ ಸಿಗಲು ಅದಕ್ಕಿಂತ ಹೆಚ್ಚು ದಿನ ಬೇಕಾಗುತ್ತದೆ. ಕಾಮನ್ಸ್ ಸಭೆಯಲ್ಲಿ 372 ಮತಗಳು ಪರ, 62 ವಿರೋಧ. ಕಾನೂನಿನ ತಿರುಳು ಇಷ್ಟು: ಬ್ರಿಟಿಷ್ ಪಾಸ್‌ಪೋರ್ಟು ಇದ್ದ ಮಾತ್ರಕ್ಕೆ ಬ್ರಿಟನ್ನಿನೊಳಗೆ ಬರುವ ಹಕ್ಕಿಲ್ಲ. ಪಾಸ್‌ಪೋರ್ಟು ಹಿಡಿದವನೋ, ಅವನ ತಂದೆತಾಯಿಯೋ, ಅಜ್ಜ ಅಜ್ಜಿಯರಲ್ಲಿ ಒಬ್ಬರೋ ಬ್ರಿಟನ್ನಿನಲ್ಲಿ ಹುಟ್ಟಿರಬೇಕು, ಇಲ್ಲವೆ ಅಲ್ಲಿ ಪೌರತ್ವ ಪಡೆದಿರಬೇಕು. ಕರಿಯ ಬಿಳಿಯ ಎಂಬ ಮಾತು ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಅದರ ಅಗತ್ಯವೂ ಇರಲಿಲ್ಲ. ಅಜ್ಜನ ಊರು ಕೇಳಿದರೆ ಸಾಕು, ಬಣ್ಣ ತಾನಾಗಿ ತಿಳಿಯುತ್ತದೆ. ನೈರೋಬಿಯ ಬಿಳಿಯ ರೈತನ ಪುಸ್ತಕ, ಕಿಸುಮುವಿನ ದುಕಾದವನ ಪುಸ್ತಕ, ಎರಡಕ್ಕೂ ಒಂದೇ ಕಡುನೀಲಿ ರಟ್ಟು, ಒಂದೇ ರಾಜಮುದ್ರೆ, ಒಳಗೆ ಒಂದೇ ಪೌರತ್ವದ ಹೆಸರು.

ಬ್ರಿಟಿಷ್ ಪಾಸ್‌ಪೋರ್ಟಿನ ಮೊದಲ ಪುಟದಲ್ಲಿ ಒಂದು ವಿಜ್ಞಾಪನೆ ಇರುತ್ತದೆ. ಇದನ್ನು ಹಿಡಿದವನನ್ನು ಅಡ್ಡಿ ಆತಂಕಗಳಿಲ್ಲದೆ ಹೋಗಗೊಡಬೇಕೆಂದು ಆಗ ರಾಣಿಯವರ ಮಂತ್ರಿ ಎಲ್ಲರನ್ನೂ ಕೇಳಿಕೊಳ್ಳುತ್ತಿದ್ದ. ಬರೆದವರು ಅದನ್ನು ಪರದೇಶದ ಅಧಿಕಾರಿಗಳಿಗೆಂದು ಬರೆದಿದ್ದರು. ಅದನ್ನು ಓದಿಕೊಳ್ಳಬೇಕಾದ ಅಧಿಕಾರಿ ಲಂಡನ್ನಿನಲ್ಲಿಯೇ ಇದ್ದಾನೆಂದು ಅವರು ಎಣಿಸಿರಲಾರರು.

ಒಳಗಿನವರಲ್ಲೇ ಇದು ಸಲ್ಲದೆಂದವರು ಇದ್ದರು. ಸ್ಯಾಂಡಿಸ್‌ಗಿಂತ ಮುಂಚೆ ವಸಾಹತುಗಳ ಮಂತ್ರಿಯಾಗಿದ್ದ ಇಯಾನ್ ಮಕ್ಲಾಡ್, ಈ ಮಾತನ್ನು ನಾವು ಅರಿತೇ ಕೊಟ್ಟಿದ್ದೆವೆಂದು ಸ್ವಪಕ್ಷದ ಸ್ಯಾಂಡಿಸ್‌ಗೆ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಕಾಮನ್‌ವೆಲ್ತ್ ಮಂತ್ರಿ ಜಾರ್ಜ್ ಥಾಮ್ಸನ್ ಇದು ಬಣ್ಣದ ಮೇಲಿನ ಭೇದವೆಂದು ಮಂತ್ರಿಮಂಡಲದೊಳಗೆ ಎಚ್ಚರಿಸಿದ್ದು ಮೂವತ್ತು ವರ್ಷಗಳ ಮೇಲೆ ಕಡತಗಳು ತೆರೆದಾಗ ಹೊರಬಂತು.

ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ವರ್ಷಕ್ಕೆ 1,500 ಕುಟುಂಬಗಳ ಯಜಮಾನರಿಗೆ ವೋಚರು ಕೊಡುತ್ತೇವೆಂದರು. ವೋಚರೆಂದರೆ ಏನು? ಸ್ವಂತ ದೇಶಕ್ಕೆ ಹೋಗಲು ಸ್ವಂತ ದೇಶವೇ ಕೊಡುವ ವೀಸಾ. ಸಾಲು ಬೆಳೆಯಿತು. ಕಾಯಲಾರದೆ ವಿಮಾನ ಹತ್ತಿದವರನ್ನು ಲಂಡನ್ನಿನವರು ಹಿಂದಕ್ಕೆ ಕಳಿಸಿದರು. ನೈರೋಬಿಯವರು ಒಳಗೆ ಬಿಡಲಿಲ್ಲ. ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಪುಟಿಯುತ್ತಿದ್ದ ಇವರಿಗೆ ಅಲ್ಲಿಯ ಪತ್ರಿಕೆಗಳು ಬ್ಯಾಡ್ಮಿಂಟನ್ನಿನ ಪುಟಚೆಂಡಿನ ಹೆಸರಿಟ್ಟವು. ನಮ್ಮ ತ್ರಿಶಂಕುವಿಗೆ ವಿಶ್ವಾಮಿತ್ರನು ನಿಲ್ಲಲೊಂದು ಸ್ವರ್ಗವನ್ನಾದರೂ ಕಟ್ಟಿಕೊಟ್ಟಿದ್ದ.

ಭಾರತ ಏನು ಮಾಡಿತು? ಅದೇ 1968ರಲ್ಲಿ ನಮ್ಮ ಸರ್ಕಾರವೂ ಕೀನ್ಯಾದ ಬ್ರಿಟಿಷ್ ಪಾಸ್‌ಪೋರ್ಟಿನವರಿಗೆ ವೀಸಾ ಬೇಕೆಂದಿತು. ಇವರು ನಿಮ್ಮ ಪ್ರಜೆಗಳು, ನಮ್ಮ ಮೇಲೆ ಹೊರಿಸಬೇಡಿ ಎಂದು ಲಂಡನ್ನಿಗೆ ಹೇಳುವ ಬಗೆ ಅದು. ಕೊನೆಗೆ ಇವರ ಹೊಣೆ ತನ್ನದೆಂದು ಬ್ರಿಟನ್ನು ಪುಸ್ತಕದಲ್ಲಿ ಮುದ್ರೆಯೊತ್ತಿ ಕೊಟ್ಟರೆ ಭಾರತ ಬರಗೊಡುವುದೆಂದು ಹೊಂದಾಣಿಕೆಯಾಯಿತು. ರಾಜನೀತಿಯಾಗಿ ಅದು ಸರಿಯೇ ಇರಬಹುದು. ಅತ್ತ ದರಿ ಇತ್ತ ಪುಲಿ ಎಂದು ನಿಂತವನಿಗೆ ತವರೂ ಬಾಗಿಲಲ್ಲಿ ನಿಲ್ಲಿಸಿ ಚೀಟಿ ಕೇಳಿತೆಂದು ಅನ್ನಿಸಿದ್ದರೆ ಅವನದು ತಪ್ಪೆನ್ನಲಾರೆ. ಬೆನ್ ಇದಕ್ಕೆ ಒಂದು ವರ್ಷ ಮೊದಲೇ ಮದುವೆಯಾಗಿ ಹುಬ್ಬಳ್ಳಿಗೆ ಬಂದಿದ್ದರು. ತಂದೆ ದುಕಾ ಮಾರಿ ನೈರೋಬಿಯಲ್ಲಿ ನೆಂಟರ ಮನೆಯ ಒಂದು ಕೋಣೆಯಲ್ಲಿ ಕುಟುಂಬವನ್ನಿಟ್ಟುಕೊಂಡು ವೋಚರಿಗೆ ಕಾದರು. ಅದು ಬಂದದ್ದು ನಾಲ್ಕನೆಯ ವರ್ಷ. ಅಷ್ಟರಲ್ಲಿ ದುಕಾದ ಹಣವೆಲ್ಲ ಕೂತು ಉಂಡೇ ಕರಗಿತ್ತು.

‘ಯಜಮಾನ’ ಎಂಬ ಮಾತಿನಲ್ಲಿಯೂ ಒಂದು ಕೊಕ್ಕೆಯಿತ್ತು. ಗಂಡನಿರುವ ಹೆಂಗಸು ಸಾಮಾನ್ಯವಾಗಿ ಕುಟುಂಬದ ಯಜಮಾನಿಯಲ್ಲ. ಹೀಗಾಗಿ ಬ್ರಿಟಿಷ್ ಪಾಸ್‌ಪೋರ್ಟು ಅವಳದೇ ಆಗಿದ್ದರೂ ವೋಚರಿಲ್ಲ. ಆಫ್ರಿಕದಿಂದ ಭಾರತಕ್ಕೆ ಬಂದಿದ್ದ ಒಬ್ಬ ಹೆಣ್ಣುಮಗಳು ಮುಂಬಯಿಯಲ್ಲಿ ಅರ್ಜಿ ಹಾಕಿ, ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋರಾಡಿ, 1983ರಲ್ಲಿ ಸೋತಳು. ಸ್ತ್ರೀಪುರುಷ ಭೇದವನ್ನು ನಿಷೇಧಿಸುವ ಅಲ್ಲಿಯ ಕಾನೂನು ಈ ವೋಚರುಗಳಿಗೆ ಅನ್ವಯಿಸದೆಂದು ತೀರ್ಪಾಯಿತು.

1972ರ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಯುಗಾಂಡಾದ ಈದಿ ಅಮೀನ್ ತೊಂಬತ್ತು ದಿನಗಳ ಗಡುವು ಕೊಟ್ಟು ಏಷ್ಯದವರನ್ನು ಹೊರಹಾಕಿದ. ಆಗ ಬ್ರಿಟನ್ನು ಸುಮಾರು 28,000 ಮಂದಿಯನ್ನು ಒಳಗೆ ತೆಗೆದುಕೊಂಡಿತು. ಇದನ್ನು ಹೇಳದಿದ್ದರೆ ಅನ್ಯಾಯವಾದೀತು. ಇಲ್ಲಿಗೆ ಬರಬೇಡಿರೆಂದು ಲೆಸ್ಟರ್ ನಗರಸಭೆ ಯುಗಾಂಡಾದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಬಂದವರಲ್ಲಿ ಸಾವಿರಾರು ಮಂದಿ ಅಲ್ಲಿಯೇ ನೆಲೆಸಿದರು. ಇಂದು ದೀಪಾವಳಿಯ ದೀಪಾಲಂಕಾರಕ್ಕೆ ಬ್ರಿಟನ್ನಿನಲ್ಲಿ ಹೆಸರಾದ ಊರು ಅದು.

1973ರಲ್ಲಿ ಯೂರೋಪಿನ ಮಾನವ ಹಕ್ಕುಗಳ ಆಯೋಗ, 1968ರ ಕಾನೂನು ಜನಾಂಗಭೇದದ್ದೆಂದೂ ಪೂರ್ವ ಆಫ್ರಿಕದ ಅರ್ಜಿದಾರರಿಗೆ ಆದದ್ದು ಮಾನಗೇಡಿನ ವರ್ತನೆಯೆಂದೂ ಅಭಿಪ್ರಾಯ ಕೊಟ್ಟಿತು. ವರದಿ ಪ್ರಕಟವಾದದ್ದು 1994ರಲ್ಲಿ. ಹಕ್ಕಿಲ್ಲದ ಪಾಸ್‌ಪೋರ್ಟಿನವರಿಗೆ 1983ರಿಂದ ಬೇರೆ ಹೆಸರೇ ಬಂತು: ಸಾಗರೋತ್ತರ ಬ್ರಿಟಿಷ್ ಪ್ರಜೆ. ಬೇರಾವ ದೇಶದ ಪೌರತ್ವವೂ ಇಲ್ಲದೆ ಉಳಿದವರು ಪೂರ್ಣ ಬ್ರಿಟಿಷರೆಂದು ನೋಂದಾಯಿಸಿಕೊಳ್ಳಲು 2002ರ ಕಾನೂನು ದಾರಿ ಮಾಡಿತು. 1968ರಲ್ಲಿ ಸಾಲಿನಲ್ಲಿ ನಿಂತ ಯಜಮಾನರಲ್ಲಿ ಎಷ್ಟೋ ಮಂದಿ ಆ ವೇಳೆಗೆ ಇರಲಿಲ್ಲ.

ನಮ್ಮ ಫಾರಮ್ಮಿಗೆ ಮರಳುತ್ತೇನೆ. ಹುಟ್ಟಿನಿಂದ ಎಂದು ಗುರುತು ಮಾಡಿ ಮುಂದೆ ಹೋದೆ. ತಂದೆ ಹುಟ್ಟಿದ ಊರು, ತಾಯಿ ಹುಟ್ಟಿದ ಊರು. ಅದರ ಕೆಳಗೆ, ತಂದೆತಾಯಿ ಅಥವಾ ಅಜ್ಜ ಅಜ್ಜಿಯರು ಪಾಕಿಸ್ತಾನದವರಾಗಿದ್ದರೇ ಎಂಬ ಪ್ರಶ್ನೆ. ಬ್ರಿಟಿಷರನ್ನು ಮನಸ್ಸಿನಲ್ಲಿಯೇ ಬಯ್ದುಕೊಳ್ಳುತ್ತಿದ್ದ ನನ್ನ ಕೈ ಅಲ್ಲಿ ನಿಂತಿತು. ನಮಗೂ ಅಜ್ಜನ ಊರು ಬೇಕಾಗಿದೆ; ಅದಕ್ಕೆ ನಮ್ಮ ಕಾರಣಗಳಿವೆ. ಕಾರಣಗಳು ಕ್ಯಾಲಹನ್ನರಿಗೂ ಇದ್ದವು.

“ಯಾಕ ಮಾಸ್ತರ, ಕಂಪ್ಯೂಟರ ನಿಂತೇನ್ರಿ?” ಎಂದರು ಬೆನ್. ಇಲ್ಲವೆಂದು ಹೇಳಿ, ಇಲ್ಲ ಎಂದೇ ಗುರುತು ಹಾಕಿದೆ.

ದೀಪಾವಳಿಗೆ ನಾಲ್ಕು ದಿನವಿರುವಾಗ ಮುದುಕರು ಬಂದರು. ಕೈಚೀಲದಲ್ಲಿ ಎರಡು ಪಾಸ್‌ಪೋರ್ಟು ತಂದಿದ್ದರು. ಹೊಸದು ಪ್ರಯಾಣಕ್ಕೆ, ಮೂಲೆ ಕತ್ತರಿಸಿದ ಹಳೆಯದು ನನಗೆ ತೋರಿಸಲು. ನಡುವೆ ಮೂರು ದಶಕ ಕೆಂಗಂದು ರಟ್ಟಿನಲ್ಲಿ ಬರುತ್ತಿದ್ದ ಬ್ರಿಟಿಷ್ ಪಾಸ್‌ಪೋರ್ಟು 2020ರಿಂದ ಮತ್ತೆ ನೀಲಿಯಾಗಿದೆ. ಎರಡನ್ನೂ ಬೆನ್ ಅವರ ಪಡಸಾಲೆಯ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಕನ್ನಡಕ ಏರಿಸಿಕೊಂಡು, ಮೊದಲ ಪುಟದ ಆ ವಿಜ್ಞಾಪನೆಯನ್ನು ಅವರು ನನಗೆ ಓದಿ ಹೇಳಿದರು. ಹಳೆಯದರಲ್ಲಿ ರಾಣಿ, ಹೊಸದರಲ್ಲಿ ರಾಜ. ಉಳಿದ ಮಾತು ಹೆಚ್ಚುಕಡಿಮೆ ಹಾಗೆಯೇ ಇತ್ತು.