ಅಡಿಕೆ ನಾಡಿನ ಹಲ್ಲು, ದಂತವೈದ್ಯರ ಮುಂದಿನ ಓದು

ಶಿಕಾರಿಪುರ ತಾಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಎದುರಿನ ಸ್ತಂಭಶಾಸನ ಕದಂಬರ ಮೂಲಪುರುಷ ಮಯೂರಶರ್ಮನ ಓದಿನ ಸಂಗತಿಯನ್ನು ಹೇಳುತ್ತದೆ. ಕವಿ ಕುಬ್ಜ 5ನೆಯ ಶತಮಾನದಲ್ಲಿ ರಚಿಸಿದ ಈ ಶಾಸನದ ಪ್ರಕಾರ ಮಯೂರಶರ್ಮ ಗುರು ವೀರಶರ್ಮನೊಡನೆ ಪಲ್ಲವರ ಕಂಚಿಗೆ ಹೋದದ್ದು ಅಲ್ಲಿನ ಘಟಿಕೆಯೆಂಬ ವಿದ್ಯಾಕೇಂದ್ರದಲ್ಲಿ ತನ್ನ ವೇದಾಧ್ಯಯನವನ್ನು ಪೂರ್ತಿ ಮಾಡಿಕೊಳ್ಳಲು. ಊರಿನಲ್ಲಿ ಕಲಿತವರು ಮುಂದಿನ ಓದಿಗೆ ದೂರದ ರಾಜಧಾನಿಗೆ ಹೋಗುವ ಕ್ರಮ ಅಷ್ಟು ಹಳೆಯದು. ಇದೇ ಶಿಕಾರಿಪುರ ತಾಲೂಕಿನ ಬಳ್ಳಿಗಾವಿ ಇನ್ನೊಂದು ಕ್ರಮಕ್ಕೆ ಸಾಕ್ಷಿಯಾಗಿದೆ. ಅಲ್ಲಿನ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ವೇದ, ವ್ಯಾಕರಣ, ದರ್ಶನಗಳ ಪಾಠವನ್ನೂ ಅನಾಥ ರೋಗಿಗಳ ಚಿಕಿತ್ಸೆಯನ್ನೂ ಒಂದೇ ಸ್ಥಳದ ಕೆಲಸವೆಂದು ದಾಖಲಿಸುತ್ತದೆ. ಸೌಂದರ್ಯ ದಂತಚಿಕಿತ್ಸೆಯಲ್ಲಿ ದಂತವೈದ್ಯರಿಗೆ ಸಿಗುವ ಇಂದಿನ ಉನ್ನತ ತರಬೇತಿ ಬಹುಮಟ್ಟಿಗೆ ಮೊದಲನೆಯ ಕ್ರಮವನ್ನೇ ನೆಚ್ಚಿಕೊಂಡಿದೆ. ಅದು ಎರಡನೆಯದರ ಕಡೆಗೆ ಹೊರಳಬೇಕು, ವೈದ್ಯರು ದಿನವೂ ನೋಡುವ ಬಾಯಿಯನ್ನೇ ಪಠ್ಯವಾಗಿಸಿಕೊಳ್ಳಬೇಕು ಎಂಬುದು ಈ ಲೇಖನದ ವಾದ.

ಭಾರತದಲ್ಲಿ ಬಿಡಿಎಸ್ ಪದವಿ ಇಂಟರ್ನ್‌ಶಿಪ್ ಸೇರಿ ಐದು ವರ್ಷದ್ದು, ಎಂಡಿಎಸ್ ಮೂರು ವರ್ಷದ್ದು. ಎಂಡಿಎಸ್‌ನ ಒಂಬತ್ತು ಶಾಖೆಗಳಲ್ಲಿ ಸೌಂದರ್ಯ ದಂತಚಿಕಿತ್ಸೆ ಎಂಬ ಪ್ರತ್ಯೇಕ ಶಾಖೆ ಇಲ್ಲ. ಕೃತಕ ದಂತ ಜೋಡಣೆ, ಹಲ್ಲು ತುಂಬುವಿಕೆ ಮತ್ತು ಬೇರಿನ ಚಿಕಿತ್ಸೆ, ವಕ್ರದಂತ ಚಿಕಿತ್ಸೆ, ವಸಡಿನ ಚಿಕಿತ್ಸೆ ಈ ಶಾಖೆಗಳೆಲ್ಲ ಅದರ ಒಂದೊಂದು ಪಾಲನ್ನು ಹಂಚಿಕೊಂಡಿವೆ. ಅಮೆರಿಕದ ದಂತವೈದ್ಯ ಸಂಘವೂ ಅದನ್ನು ಪ್ರತ್ಯೇಕ ತಜ್ಞಶಾಖೆಯೆಂದು ಒಪ್ಪಿಲ್ಲ. ಅಲ್ಲಿ 1984ರಲ್ಲಿ ಹುಟ್ಟಿದ ಸೌಂದರ್ಯ ದಂತಚಿಕಿತ್ಸೆಯ ಅಕಾಡೆಮಿ ತನ್ನದೇ ಪರೀಕ್ಷೆ, ಮಾನ್ಯತೆಗಳ ಮೂಲಕ ಆ ಖಾಲಿ ಜಾಗವನ್ನು ತುಂಬಲು ಯತ್ನಿಸಿದೆ. ನಮ್ಮಲ್ಲಿ ಅದನ್ನು ತುಂಬುತ್ತಿರುವುದು ನಗರಗಳ ಹೋಟೆಲ್ ಸಭಾಂಗಣಗಳಲ್ಲಿ ವಾರಾಂತ್ಯಕ್ಕೆ ನಡೆಯುವ ಕಿರು ಕೋರ್ಸುಗಳು. ಇವುಗಳಲ್ಲಿ ಹಲವನ್ನು ಸಾಮಗ್ರಿ ತಯಾರಿಸುವ ಕಂಪನಿಗಳೇ ಪ್ರಾಯೋಜಿಸುತ್ತವೆ. ನೋಂದಣಿ ನವೀಕರಣಕ್ಕೆ ಬೇಕಾದ ನಿರಂತರ ಶಿಕ್ಷಣದ ಅಂಕಗಳು ಮುಖ್ಯವಾಗಿ ಹಾಜರಾತಿಯ ಮೇಲೆ ಸಿಗುತ್ತವೆ. ಕಲಿತದ್ದು ರೋಗಿಯ ಬಾಯಲ್ಲಿ ಏನಾಯಿತು ಎಂದು ಕೇಳುವವರು ಆ ಲೆಕ್ಕದಲ್ಲಿ ಯಾರೂ ಇಲ್ಲ. ನನ್ನ ದೃಷ್ಟಿಯಲ್ಲಿ ವ್ಯವಸ್ಥೆಯ ಮೂಲದೋಷ ಇದೇ.

ಈ ದೋಷದ ಬೆಲೆಯನ್ನು ತೆರುವುದು ಎನಾಮೆಲ್. ಹಲ್ಲಿನ ಈ ಹೊರಕವಚದ ತೂಕದಲ್ಲಿ ಸುಮಾರು 96 ಶೇಕಡಾ ಖನಿಜ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೆ ಇಲ್ಲವಾಗುವುದರಿಂದ, ಒಮ್ಮೆ ಉಜ್ಜಿ ತೆಗೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಸೌಂದರ್ಯ ದಂತಚಿಕಿತ್ಸೆಯ ಆಧುನಿಕ ಚರಿತ್ರೆ ಈ ಪದರವನ್ನು ಉಳಿಸಿಕೊಳ್ಳುವ ವಿದ್ಯೆಯ ಚರಿತ್ರೆಯೂ ಹೌದು. 1955ರಲ್ಲಿ ಬುವೊನೊಕೋರ್ ಎನಾಮೆಲ್‌ಗೆ ಆಮ್ಲ ಹಚ್ಚಿ ಅಂಟಿನ ಹಿಡಿತ ಹೆಚ್ಚಿಸುವ ದಾರಿ ತೋರಿಸಿದರು. 1980ರ ದಶಕದಲ್ಲಿ ತೆಳು ಪಿಂಗಾಣಿ ವೆನೀರುಗಳನ್ನು ಅದೇ ತತ್ತ್ವದ ಮೇಲೆ ಅಂಟಿಸುವುದು ಸಾಧ್ಯವಾಯಿತು. 1989ರಲ್ಲಿ ಹೇವುಡ್ ಮತ್ತು ಹೇಮನ್, ರಾತ್ರಿ ಹಾಕಿಕೊಳ್ಳುವ ಅಚ್ಚಿನಲ್ಲಿ ಪೆರಾಕ್ಸೈಡ್ ಜೆಲ್ ಇಟ್ಟು ಹಲ್ಲನ್ನು ಕೊರೆಯದೆಯೇ ಬಿಳುಪಾಗಿಸುವ ವಿಧಾನವನ್ನು ಪ್ರಕಟಿಸಿದರು. ಎಡೆಲ್‌ಹಾಫ್ ಮತ್ತು ಸೊರೆನ್‌ಸೆನ್ 2002ರಲ್ಲಿ ತೂಕ ಮಾಡಿ ತೋರಿಸಿದಂತೆ, ವೆನೀರಿನ ವಿನ್ಯಾಸಗಳಿಗೆ ಹಲ್ಲಿನ ಕಿರೀಟಭಾಗದ 3ರಿಂದ 30 ಶೇಕಡಾ ಹೋದರೆ ಪೂರ್ಣ ಕ್ಯಾಪ್‌ಗೆ 63ರಿಂದ 72 ಶೇಕಡಾ ಹೋಗುತ್ತದೆ. ಹಲ್ಲು ಬಿಳಿಯಾಗಬೇಕೆಂದು ಬಂದ ಇಪ್ಪತ್ತೆರಡರ ಯುವತಿಗೆ ಯಾವುದನ್ನು ಮಾಡಬೇಕು ಎಂಬ ತೀರ್ಮಾನ ಅವಳ ಮುಂದಿನ ಐವತ್ತು ವರ್ಷಗಳ ತೀರ್ಮಾನ. ವೆನೀರನ್ನು ಕೂರಿಸುವ ಕೈಚಳಕವನ್ನು ಎರಡು ದಿನದಲ್ಲಿ ಕಲಿಸಬಹುದು. ಯಾರಿಗೆ ಅದನ್ನು ಕೂರಿಸಬಾರದು ಎಂಬ ವಿವೇಕ, ಚಿಕಿತ್ಸೆಯಾದವರು ವರ್ಷಗಳ ನಂತರ ಮತ್ತೆ ಬಂದು ಬಾಯಿ ತೆರೆದಾಗ ಮಾತ್ರ ಬಲಿಯುತ್ತದೆ. ಬ್ರಿಟನ್ನಿನ ದಂತವೈದ್ಯ ಮಾರ್ಟಿನ್ ಕೆಲೆಹರ್ ಮುಂದಿಟ್ಟ ಪರೀಕ್ಷೆ ಸರಳವಾದದ್ದು: ಇದೇ ಚಿಕಿತ್ಸೆಯನ್ನು ಸ್ವಂತ ಮಗಳ ಹಲ್ಲಿಗೆ ಮಾಡುತ್ತೀರಾ ಎಂದು ಕೇಳಿಕೊಳ್ಳುವುದು. ಪ್ರತಿ ಕೋರ್ಸಿನ ಮೊದಲ ಪಾಠ ಇದಾಗಬೇಕು.

ಈಗ ಶಿಕಾರಿಪುರ, ಸೊರಬದ ಬಾಯಿಗೆ ಬರೋಣ. ಇದು ಅಡಿಕೆ ಬೆಳೆಯುವ, ಸುಲಿಯುವ, ಚೊಗರಿನಲ್ಲಿ ಬೇಯಿಸಿ ಕೆಂಪು ಮಾಡುವ, ಕವಳ ಹಾಕಿ ಬಂಧುಗಳನ್ನು ಸತ್ಕರಿಸುವ ಸೀಮೆ. ಚೊಗರಿಗೆ ಬಣ್ಣ ಕೊಡುವ ಟ್ಯಾನಿನ್‌ಗಳೇ ಜಗಿಯುವವರ ಹಲ್ಲಿನ ಮೇಲೆ ಕಂದುಗಪ್ಪು ಕರೆಯಾಗಿ ಕೂರುತ್ತವೆ. ಈ ಕರೆ ಹಲ್ಲಿನ ಹೊರಮೈಯದು. ಪಾಚಿ, ಕಲ್ಲು ತೆಗೆದು ಪಾಲಿಶ್ ಮಾಡಿದರೆ ಬಹುಪಾಲು ಹೋಗುತ್ತದೆ, ಬ್ಲೀಚಿಂಗ್ ಆಗಲಿ ವೆನೀರ್ ಆಗಲಿ ಬೇಕಾಗುವುದಿಲ್ಲ. ಗಟ್ಟಿ ಅಡಿಕೆಯನ್ನು ವರ್ಷಗಟ್ಟಲೆ ಜಗಿದವರ ಹಲ್ಲು ಮಾತ್ರ ಬೇರೆ ಕಥೆ ಹೇಳುತ್ತದೆ. ಅಲ್ಲಿ ಎನಾಮೆಲ್ ಸವೆದು ಒಳಗಿನ ಹಳದಿ ಡೆಂಟಿನ್ ಕಾಣುತ್ತಿರುತ್ತದೆ. ಅಂಥ ಹಲ್ಲಿಗೆ ಪೆರಾಕ್ಸೈಡ್ ಹಚ್ಚಿದರೆ ಬಿಳುಪಿಗಿಂತ ಮೊದಲು ಜುಮ್ಮೆನಿಸುವ ನೋವು ಬರುತ್ತದೆ, ಅದರ ತುದಿಗೆ ಕೂರಿಸಿದ ತೆಳು ಪಿಂಗಾಣಿ ಜಗಿತದ ಒತ್ತಡಕ್ಕೆ ಒಡೆಯುತ್ತದೆ. ಎರಡೂ ಬಾಯಿಗಳಲ್ಲಿ ರೋಗಿಯ ದೂರು ಒಂದೇ, ಹಲ್ಲಿನ ಬಣ್ಣ ಕೆಟ್ಟಿದೆ ಎಂದು. ಚಿಕಿತ್ಸೆ ಸಂಪೂರ್ಣ ಬೇರೆ. ಪಾವಗಡ ಅಥವಾ ಮುಂಡರಗಿಯ ಕಡೆಯ ಬಾಯಿ ಇವೆರಡಕ್ಕಿಂತಲೂ ಭಿನ್ನ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಆ ಊರುಗಳಲ್ಲಿ ಬಣ್ಣ ಎನಾಮೆಲ್ ರೂಪುಗೊಳ್ಳುವಾಗಲೇ ಅದರೊಳಗೆ ಸೇರಿಕೊಂಡಿರುತ್ತದೆ. ಅಲ್ಲಿನ ವೈದ್ಯರು ಕಲಿಯಬೇಕಾದದ್ದು ಮೇಲ್ಪದರವನ್ನು ಕೂದಲೆಳೆಯಷ್ಟು ಉಜ್ಜುವ ಸೂಕ್ಷ್ಮ ಸವೆತದ ವಿಧಾನ ಮತ್ತು ರಾಳವನ್ನು ಒಳಗೆ ಇಳಿಸುವ ವಿಧಾನ. ರಾಜ್ಯದ ಎಲ್ಲ ಜಿಲ್ಲೆಗಳಿಗೂ ಒಂದೇ ಪಠ್ಯ ಸಲ್ಲದು ಎನ್ನಲು ಇಷ್ಟು ಸಾಕು.

ಆದರೆ ಮಲೆನಾಡಿನ ಪ್ರಶ್ನೆ ಬಣ್ಣಕ್ಕೆ ಮುಗಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನು, ತಂಬಾಕು ಸೇರಿಸದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಈ ನಾಡಿನ ಆರ್ಥಿಕತೆ ಯಾವ ಬೆಳೆಯ ಮೇಲೆ ನಿಂತಿದೆಯೋ ಅದರ ಬಗ್ಗೆ ಇಂಥ ಮಾತು ಹಿತವಲ್ಲ, ಆದರೂ ವೈದ್ಯರು ಅದನ್ನು ಮರೆಯುವಂತಿಲ್ಲ. ಅಡಿಕೆಯ ಅರೆಕೊಲಿನ್ ಕೆನ್ನೆಯ ಒಳಪದರದಲ್ಲಿ ನಾರಿನಂಶವನ್ನು ಹೆಚ್ಚಿಸುತ್ತದೆ. ಮೊದಲು ಖಾರ ತಿಂದಾಗ ಉರಿ, ಆಮೇಲೆ ಕೆನ್ನೆ ಬಿಳಿಚಿಕೊಳ್ಳುವುದು, ಕೊನೆಗೆ ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ರೋಗ ಕ್ಯಾನ್ಸರಿನ ಮುನ್ಸೂಚಕಗಳಲ್ಲಿ ಒಂದು. ನೋವಿಲ್ಲದಾಗ ಹಲ್ಲಿನ ಡಾಕ್ಟರ ಬಳಿಗೆ ಹೋಗದ ಯುವಕ ಮದುವೆಗೆ ಮುಂಚೆ ಕರೆ ತೆಗೆಸಿಕೊಳ್ಳಲು ಮಾತ್ರ ತಪ್ಪದೆ ಹೋಗುತ್ತಾನೆ. ರೋಗ ಆರಂಭದಲ್ಲೇ ಸಿಕ್ಕಿಬೀಳುವ ಅವಕಾಶ ಆ ಭೇಟಿಯೇ. ಕೆನ್ನೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವಿನ ತೆರವನ್ನು ಅಳತೆಪಟ್ಟಿಯಲ್ಲಿ ಅಳೆದು ಬರೆದಿಡಲು ಎರಡು ನಿಮಿಷ ಬೇಕಾಗುತ್ತದೆ. ವಯಸ್ಕರಲ್ಲಿ ಈ ತೆರವು ಸಾಮಾನ್ಯವಾಗಿ 35 ಮಿಲಿಮೀಟರಿಗಿಂತ ಹೆಚ್ಚಿರುತ್ತದೆ. ಬಿಳುಪಿನ ಛಾಯಾಪಟ್ಟಿಯ 16 ಬಣ್ಣಗಳನ್ನು ಗುರುತಿಸಲು ಕಲಿಸಿ ಈ ಅಳತೆಯನ್ನು ಕಲಿಸದ ತರಬೇತಿ, ತಾಳಗುಂದದ ಸುತ್ತಿನ ರೋಗಿಗೆ ಅಪೂರ್ಣ ಮಾತ್ರವಲ್ಲ, ಅಪಾಯಕಾರಿ. ಉರಿಯುವ ಕೆನ್ನೆಗೆ ಪೆರಾಕ್ಸೈಡ್ ತಗುಲುತ್ತದೆ, ಹಲ್ಲು ಹೊಳೆಯುತ್ತದೆ, ರೋಗ ಒಳಗೇ ಮುಂದುವರಿಯುತ್ತದೆ.

ಹಾಗಾದರೆ ತರಬೇತಿ ಹೇಗಿರಬೇಕು? ಆರೋಗ್ಯ ಸಿಬ್ಬಂದಿಯ ನಿರಂತರ ಶಿಕ್ಷಣದ ಬಗ್ಗೆ ಫೋರ್ಸೆಟ್‌ಲುಂಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕಾಕ್ರೇನ್ ಪರಾಮರ್ಶೆ 81 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಸಭೆ, ಕಾರ್ಯಾಗಾರಗಳಿಂದ ವೃತ್ತಿನಡತೆಯಲ್ಲಿ ಕಂಡ ಸುಧಾರಣೆಯ ಮಧ್ಯಮಾಂಕ ಸುಮಾರು 6 ಶೇಕಡಾ ಅಷ್ಟೆ. ಉಪನ್ಯಾಸದೊಂದಿಗೆ ಭಾಗವಹಿಸುವ ಕಲಿಕೆ ಬೆರೆತಲ್ಲಿ ಫಲ ಹೆಚ್ಚು. ಸಂಕೀರ್ಣ ನಡತೆಗಳನ್ನು ಬದಲಿಸಲು ಸಭೆಯೊಂದೇ ಸಾಲದು. ಯಾವ ಹಲ್ಲನ್ನು ಮುಟ್ಟಬಾರದು ಎಂದು ನಿರ್ಧರಿಸುವುದು ನಿಸ್ಸಂದೇಹವಾಗಿ ಸಂಕೀರ್ಣ ನಡತೆ. ಆದ್ದರಿಂದ ಜಿಲ್ಲಾ ಮಟ್ಟದಲ್ಲಿ, ಶಿವಮೊಗ್ಗದ ಶರಾವತಿ ದಂತ ಮಹಾವಿದ್ಯಾಲಯದಂಥ ಬೋಧನಾ ಸಂಸ್ಥೆಯನ್ನು ಆಧರಿಸಿ, ವರ್ಷವಿಡೀ ನಡೆಯುವ ಕಲಿಕೆ ಬೇಕು. ತಾಲೂಕಿನ ವೈದ್ಯರು ತಮ್ಮದೇ ರೋಗಿಗಳ ಚಿತ್ರ, ಬಣ್ಣದ ದಾಖಲೆ, ಬಾಯಿ ತೆರವಿನ ಅಳತೆಗಳನ್ನು ತರಬೇಕು, ಸಹೋದ್ಯೋಗಿಗಳ ಎದುರು ಯೋಜನೆಯನ್ನು ಸಮರ್ಥಿಸಬೇಕು, ಆರು ತಿಂಗಳ ಮತ್ತು ಒಂದು ವರ್ಷದ ಫಲಿತಾಂಶದೊಂದಿಗೆ ಮತ್ತೆ ಬರಬೇಕು. ತಾಳಗುಂದದಿಂದ ಶಿವಮೊಗ್ಗ ಸುಮಾರು 70 ಕಿಲೋಮೀಟರ್; ಬೆಂಗಳೂರಿನ ಕೋರ್ಸಿಗೆ ಕ್ಲಿನಿಕ್ ಮುಚ್ಚಿ ಹೋಗುವುದಕ್ಕಿಂತ ಇದು ಹಗುರ.

ಈ ವಾದಕ್ಕೆ ಆಕ್ಷೇಪಗಳಿವೆ. ಹಲ್ಲುನೋವಿಗೇ ಚಿಕಿತ್ಸೆ ಸಿಗದ ಹಳ್ಳಿಗಳಲ್ಲಿ ಅಂದದ ಮಾತೇಕೆ ಎಂಬುದು ಅವುಗಳಲ್ಲಿ ಪ್ರಬಲವಾದದ್ದು. ಆದರೆ ಅಂದವನ್ನು ಐಷಾರಾಮವೆಂದು ಬದಿಗಿಟ್ಟರೆ ಬಡವರ ಬಯಕೆ ನಿಲ್ಲುವುದಿಲ್ಲ, ಅದು ಕಡಿಮೆ ದರದ, ಅರೆಕಲಿತ ಕೈಗಳಿಗೆ ಹೋಗುತ್ತದೆ. ರಾಜ್ಯ ಸರ್ಕಾರದ ದಂತ ಭಾಗ್ಯ ಯೋಜನೆ ಬಡ ಹಿರಿಯರಿಗೆ ಉಚಿತ ಹಲ್ಲು ಸೆಟ್ ಕೊಡುವಾಗ ಊಟದ ಜೊತೆಗೆ ಮುಖದ ಘನತೆಯನ್ನೂ ಮರಳಿಸುತ್ತದೆ. ಇಂಥ ಕೆಲಸ ಎಂಡಿಎಸ್ ತಜ್ಞರಿಗೇ ಮೀಸಲಿರಲಿ ಎಂಬ ಇನ್ನೊಂದು ಆಕ್ಷೇಪದಲ್ಲಿ ಸತ್ಯಾಂಶವಿದೆ: ಇಡೀ ಬಾಯಿಯ ಪುನರ್ನಿರ್ಮಾಣ ಖಂಡಿತ ಅವರದೇ. ಆದರೆ ತಜ್ಞರು ನಗರಗಳಲ್ಲಿ ನೆಲೆಸಿದ್ದಾರೆ, ಕರೆಯ ದೂರು ಮೊದಲು ತಲುಪುವುದು ಶಿರಾಳಕೊಪ್ಪದ ಬಿಡಿಎಸ್ ವೈದ್ಯರನ್ನು. ಯಾರನ್ನು ಮುಂದಕ್ಕೆ ಕಳಿಸಬೇಕೆಂದು ಅರಿಯುವುದೂ ಉನ್ನತ ತರಬೇತಿಯೇ. ಪ್ರಾಯೋಜಕರಿಲ್ಲದೆ ಖರ್ಚು ಯಾರು ಹೊರುತ್ತಾರೆ ಎಂಬ ಪ್ರಶ್ನೆ ಕಷ್ಟದ್ದು, ಅದಕ್ಕೆ ಪೂರ್ಣ ಪರಿಹಾರ ನನ್ನಲ್ಲಿಲ್ಲ. ವೈದ್ಯರು ಕಟ್ಟುವ ನವೀಕರಣ ಶುಲ್ಕದ ಒಂದು ಪಾಲು ಜಿಲ್ಲಾ ಕಲಿಕೆಗೆ ಮೀಸಲಾದರೆ ಆರಂಭಕ್ಕೆ ಸಾಕಾದೀತು.

1948ರ ದಂತವೈದ್ಯರ ಕಾಯ್ದೆಯ ಸ್ಥಾನದಲ್ಲಿ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿದೆ. ನಿಯಮಗಳು ಹೊಸದಾಗಿ ರೂಪುಗೊಳ್ಳುವ ಈ ಕಾಲದಲ್ಲಿ ಆಯೋಗಕ್ಕೂ ಕರ್ನಾಟಕ ರಾಜ್ಯ ದಂತ ಪರಿಷತ್ತಿಗೂ ಮಾಡಬೇಕಾದ ಮನವಿ ಎರಡೇ. ಸೌಂದರ್ಯ ಚಿಕಿತ್ಸೆಯ ಕೋರ್ಸುಗಳಿಗೆ ಅಂಕ ಕೊಡುವಾಗ ಕುಳಿತ ಗಂಟೆಗಳ ಬದಲು, ಒಂದು ವರ್ಷ ಅನುಸರಿಸಿ ದಾಖಲಿಸಿದ ರೋಗಿಗಳನ್ನು ಲೆಕ್ಕಕ್ಕೆ ಹಿಡಿಯಿರಿ. ಅಡಿಕೆ ಜಗಿಯುವ ಜಿಲ್ಲೆಗಳಲ್ಲಿ ಬಾಯಿಯ ತೆರವನ್ನು ಅಳೆದು ಬರೆಯದೆ ಯಾರ ಹಲ್ಲನ್ನೂ ಬಿಳುಪಾಗಿಸಬಾರದೆಂಬ ನಿಯಮವನ್ನು ಪಠ್ಯದಲ್ಲಿಯೂ ವೃತ್ತಿಸಂಹಿತೆಯಲ್ಲಿಯೂ ಸೇರಿಸಿರಿ.